ಸಂಶಯ ಎಲ್ಲಿ ನಿಲ್ಲಬೇಕು

ನಮಗಾದ ಅರಿವು ಸರಿಯಾದದ್ದೇ ಎಂದು ಗೊತ್ತಾಗುವುದು ಹೇಗೆ? ಆ ಅರಿವಿನ ಜೊತೆಗೇ ಭರವಸೆಯೂ ಬರುತ್ತದೆಯೋ, ಇಲ್ಲ ಹೊರಗಿನಿಂದ ಇನ್ನೊಂದು ಬಂದು ಹೌದೆನ್ನಬೇಕೋ? ಮೀಮಾಂಸಕರು ಮೊದಲನೆಯದನ್ನು ಹಿಡಿದರು, ನೈಯಾಯಿಕರು ಎರಡನೆಯದನ್ನು. ಸ್ವತಃಪ್ರಾಮಾಣ್ಯ, ಪರತಃಪ್ರಾಮಾಣ್ಯ ಎಂಬ ಈ ವಾದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಪಾಠಶಾಲೆಯಲ್ಲಿ ಓದುವಾಗ ನನಗೆ ಇದು ಪರೀಕ್ಷೆಗೆ ಬೇಕಾದ ವಿಷಯವಾಗಿತ್ತು. ಈಗ ಕೆಟ್ಟ ಹಾರ್ಡ್ ಡಿಸ್ಕುಗಳಿಂದ ಫೈಲು ಹೊರತೆಗೆಯುವುದು ನನ್ನ ಕಸುಬು. ಈ ಪ್ರಶ್ನೆ ಇಲ್ಲದೆ ನನ್ನ ಒಂದು ದಿನವೂ ಕಳೆಯುವುದಿಲ್ಲ.

ಮೀಮಾಂಸಕರಾದ ಕುಮಾರಿಲ ಭಟ್ಟರ ನಿಲುವು ನೋಡಿ. ಹುಟ್ಟಿದ ಜ್ಞಾನವನ್ನು ಮೊದಲು ನಂಬು. ಎರಡೇ ಕಾರಣಕ್ಕೆ ಬಿಡು. ಒಂದು, ಅದನ್ನು ಸುಳ್ಳು ಮಾಡುವ ಇನ್ನೊಂದು ಜ್ಞಾನ ಬಂದರೆ, ಅದು ಬಾಧಕ. ಇನ್ನೊಂದು, ಜ್ಞಾನ ಹುಟ್ಟಿಸಿದ ಸಾಧನದಲ್ಲೇ ದೋಷ ಕಂಡರೆ, ಅದು ಕಾರಣದೋಷ. ಶಂಖ ಹಳದಿಯಾಗಿ ಕಂಡರೆ ಶಂಖವನ್ನು ತೊಳೆಯುತ್ತ ಕೂರಬಾರದು, ಕಣ್ಣಿಗೆ ಕಾಮಾಲೆ ಇದೆಯೇ ನೋಡಬೇಕು.

‘ಡಿಸ್ಕ್ ಹೋಗಿದೆ, ಕಾಪಿ ಅರ್ಧಕ್ಕೇ ನಿಲ್ಲುತ್ತೆ’ ಎಂದು ಯಾರಾದರೂ ತಂದಾಗ ನಾನು ಮೊದಲು ಕಣ್ಣನ್ನೇ ಪರೀಕ್ಷಿಸುತ್ತೇನೆ: ಕೇಬಲ್, ಪೋರ್ಟ್, ಡಿಸ್ಕಿಗೆ ಕರೆಂಟ್ ಸರಿಯಾಗಿ ಬರುತ್ತಿದೆಯೇ ಎಂಬುದು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಅದರ ಹೆಸರು. ಅದರಲ್ಲಿ 199ನೇ ಸಾಲಿನ ಅಂಕಿ ಏರುತ್ತಿದ್ದರೆ, ಡಿಸ್ಕಿಗೂ ಬೋರ್ಡಿಗೂ ನಡುವೆ ದಾರಿಯಲ್ಲಿ ಡೇಟಾ ಕೆಡುತ್ತಿದೆ ಎಂದರ್ಥ. ಎಷ್ಟೋ ಸಲ ಕೇಬಲ್ ಬದಲಿಸಿದರೆ ಮುಗಿಯಿತು. ಶಂಖ ಬಿಳಿಯದೇ.

197ನೇ ಸಾಲು ಬೇರೆ ಥರದ್ದು. ಒಂದು ಸೆಕ್ಟರನ್ನು ಓದಲು ಹೋಗಿ ಸೋತ ಡಿಸ್ಕ್ ಅದನ್ನು ಕೂಡಲೇ ಕೆಟ್ಟದ್ದೆಂದು ತೀರ್ಮಾನಿಸುವುದಿಲ್ಲ. ಬಾಕಿ ಎಂದು ಗುರುತಿಟ್ಟು ಸುಮ್ಮನಿರುತ್ತದೆ. ಸಾಮಾನ್ಯವಾಗಿ ಮುಂದೆ ಆ ಜಾಗದ ಮೇಲೆ ಹೊಸದಾಗಿ ಬರೆದಾಗ ಇತ್ಯರ್ಥ: ಜಾಗ ಗಟ್ಟಿಯಿದ್ದರೆ ಬಾಕಿಯ ಪಟ್ಟಿಯಿಂದ ಹೊರಬರುತ್ತದೆ, ಇಲ್ಲವಾದರೆ ಮೀಸಲಿಟ್ಟ ಬೇರೆ ಜಾಗ ಅದರ ಬದಲಿಗೆ ಬರುತ್ತದೆ, ಅದರ ಲೆಕ್ಕ 5ನೇ ಸಾಲಿಗೆ ಸೇರುತ್ತದೆ. ಸಂಶಯವನ್ನು ಸಂಶಯವಾಗಿಯೇ ಉಳಿಸಿಕೊಳ್ಳುವ ಈ ತಾಳ್ಮೆ ನನಗೆ ಬಹಳ ಇಷ್ಟ. ಹಳೆಯ ಡೇಟಾ ಇನ್ನೊಂದು ಪ್ರಯತ್ನಕ್ಕೆ ಸಿಕ್ಕೀತು ಎಂಬ ಆಸೆ ಅದರಲ್ಲಿದೆ. ಅವಸರದಿಂದ ಬರೆದರೆ ಸಂಶಯ ಹೋಗುತ್ತದೆ, ಜೊತೆಗೆ ಅಲ್ಲಿದ್ದದ್ದೂ ಹೋಗುತ್ತದೆ. ಆದ್ದರಿಂದಲೇ ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಬೇಡಿ, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮೊದಲು ಡಿಡಿರೆಸ್ಕ್ಯೂನಂಥ ಸಾಧನದಿಂದ ಇನ್ನೊಂದು ಡಿಸ್ಕಿಗೆ ನಕಲು. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳಿ ಬರುತ್ತದೆ.

ಓದಲಾಗಲಿಲ್ಲ ಎಂದು ಹೇಳುವ ಡಿಸ್ಕ್ ಪ್ರಾಮಾಣಿಕ. ಹೆದರಬೇಕಾದದ್ದು ಹೇಳದೆ ಇರುವುದಕ್ಕೆ. ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ತಾನು ಬರೆದದ್ದನ್ನು ಆಗಲೇ ಮತ್ತೆ ಓದಿ ನೋಡುವುದಿಲ್ಲ. ಬರೆದೆ ಎಂದು ಹೇಳಿ ಬರೆಯದೆ ಬಿಟ್ಟಿರಬಹುದು, ಪಕ್ಕದ ಜಾಗದಲ್ಲಿ ಬರೆದಿರಬಹುದು. ಆಗ ಹಳೆಯ ಡೇಟಾ ತನ್ನ ಹಳೆಯ ಚೆಕ್‌ಸಮ್, ಅಂದರೆ ತಾಳೆ ನೋಡುವ ಅಂಕಿಯ ಸಮೇತ ಅಲ್ಲೇ ಇರುತ್ತದೆ. ಓದಿದರೆ ಎಲ್ಲ ಸರಿ ಎಂದೇ ಉತ್ತರ. ಇಲ್ಲಿ ಬಾಧಕ ಹುಟ್ಟುವುದೇ ಇಲ್ಲ, ಕಾರಣದೋಷ ಕಾಣುವುದೂ ಇಲ್ಲ. ನೈಯಾಯಿಕರು ಹೇಳಿದ್ದು ಇದನ್ನೇ ಅಲ್ಲವೇ? ತನಗೆ ತಾನೇ ಸಾಕ್ಷಿ ಹೇಳಿದರೆ ಸಾಲದು.

ಸನ್ ಕಂಪನಿಯ ಎಂಜಿನಿಯರುಗಳು 2005ರಲ್ಲಿ ಹೊರತಂದ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಈ ಮಾತನ್ನು ಪೂರ್ತಿ ಒಪ್ಪಿಕೊಂಡಂತಿದೆ. ಅದರಲ್ಲಿ ಒಂದು ಬ್ಲಾಕಿನ ಚೆಕ್‌ಸಮ್ ಅದರ ಪಕ್ಕದಲ್ಲಿ ಇರುವುದಿಲ್ಲ. ಅದಕ್ಕೆ ದಾರಿ ತೋರುವ ಮೇಲಿನ ಬ್ಲಾಕಿನಲ್ಲಿರುತ್ತದೆ. ಮಗನಿಗೆ ತಾಯಿ ಸಾಕ್ಷಿ, ತಾಯಿಗೆ ಅಜ್ಜಿ. ಸರಿ, ಎಲ್ಲರಿಗಿಂತ ಮೇಲಿರುವವಳಿಗೆ ಯಾರು? ತರ್ಕಶಾಸ್ತ್ರ ಅನವಸ್ಥೆ ಎಂದು ಹೆದರಿಸುವುದು ಇದಕ್ಕೇ. ಝಡ್‌ಎಫ್‌ಎಸ್‌ನ ತುದಿಯಲ್ಲಿ ಊಬರ್‌ಬ್ಲಾಕ್ ಎಂಬುದಿದೆ. ಅದರ ಚೆಕ್‌ಸಮ್ ಅದರೊಳಗೇ ಇದೆ! ಯಾವುದನ್ನೂ ಅದರ ಸ್ವಂತ ಮಾತಿನ ಮೇಲೆ ನಂಬೆವು ಎಂದು ಹೊರಟವರೂ ತುದಿಯಲ್ಲಿ ಒಂದನ್ನು ಅದರ ಮಾತಿನ ಮೇಲೇ ನಂಬಬೇಕಾಯಿತು. ಇದು ಅವರ ಸೋಲಲ್ಲ. ಬೇರೆ ದಾರಿ ಇಲ್ಲ. ಮೂರು ನಾಲ್ಕು ಜ್ಞಾನಗಳ ಆಚೆ ಪರೀಕ್ಷೆ ಬೇಡ ಎಂದು ಕುಮಾರಿಲರು ಗೆರೆ ಎಳೆದದ್ದೂ ಇದೇ ಕಾರಣಕ್ಕೆ.

ಆದರೆ ಗೆರೆ ಎಲ್ಲೋ ಎಳೆದರಾಯಿತು ಎಂದರೆ ನನಗೆ ಸಮಾಧಾನವಿಲ್ಲ. ಹದಿಮೂರನೆಯ ಶತಮಾನದ ಉಡುಪಿಯಲ್ಲಿ ಮಧ್ವರು ಕೊಟ್ಟ ಉತ್ತರದ ಕಡೆಗೆ ನಾನು ವಾಲುತ್ತೇನೆ. ಪರೀಕ್ಷೆಗಳು ಎಷ್ಟು ಬೇಕಾದರೂ ಇರಲಿ, ಅವು ಸಂಶಯವನ್ನು ಸರಿಸುತ್ತವೆ ಅಷ್ಟೆ. ಇದು ನಿಜ ಎಂದು ಹಿಡಿಯುವುದು ಮಾತ್ರ ಒಳಗಿನ ಸಾಕ್ಷಿ, ಅರಿಯುವ ಆತ್ಮವೇ. ಅವರ ಮತದಲ್ಲಿ ಸ್ಮೃತಿಯೂ ಪ್ರಮಾಣ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ: ನೆನಪು ಹಿಂದಿನ ಅನುಭವದ ಸಂಸ್ಕಾರದಿಂದ ಮಾತ್ರ ಹುಟ್ಟುತ್ತದೆ ಎನ್ನುತ್ತಾರೆ.

ನಂಜನಗೂಡಿನ ಕಡೆಯ ಒಬ್ಬ ಅಮ್ಮ ತೀರಿಹೋದ ಯಜಮಾನರ ಹಾಡಿನ ರೆಕಾರ್ಡಿಂಗುಗಳಿದ್ದ ಡಿಸ್ಕ್ ತಂದಿದ್ದರು. ಫೈಲುಗಳ ಹೆಸರು, ಫೋಲ್ಡರು ಎಲ್ಲ ಅಳಿಸಿಹೋಗಿದ್ದವು. ಹಾಗಾದಾಗ ಡೇಟಾದ ರೂಪವನ್ನೇ ನೋಡಿ ಫೈಲನ್ನು ಹುಡುಕಿ ತೆಗೆಯಬೇಕು. ಸಿಗುವ ಫೈಲುಗಳಿಗೆ ಹೆಸರಿನ ಬದಲು ಬರೀ ನಂಬರು. ನಕಲಿನ ಹ್ಯಾಶ್ ತಾಳೆಯಾಯಿತು, ಫೈಲುಗಳು ತಡೆಯಿಲ್ಲದೆ ನುಡಿದವು. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಅಮ್ಮ ಕೇಳುತ್ತಾ ಕೂತರು. ಒಂದು ಫೈಲಿಗೆ, ‘ಇದು ಅವರ ದನಿ ಅಲ್ಲಪ್ಪಾ, ನಮ್ಮ ಮೈದುನಂದು’ ಅಂದರು. ಇನ್ನೊಂದಕ್ಕೆ, ‘ಇದು ಅವರೇ. ಶೀತ ಆಗಿತ್ತು ಆವತ್ತು.’ ಯಂತ್ರದ ಮಟ್ಟಿಗೆ ಎರಡೂ ಒಂದೇ ಥರದ, ಕೆಡದ ಫೈಲುಗಳು. ಕೆಟ್ಟಿಲ್ಲ ಎಂದು ಯಂತ್ರ ಹೇಳಬಲ್ಲದು, ಯಾರದೆಂದು ಹೇಳಲಾರದು. ಅದನ್ನು ತೀರ್ಮಾನಿಸಿದ್ದು ನೈಯಾಯಿಕರು ಪ್ರಮಾಣದ ಪಟ್ಟಿಯಿಂದ ಹೊರಗಿಟ್ಟ ಆ ನೆನಪೇ. ಈ ಒಂದು ವಿಷಯದಲ್ಲಿ ಅವರ ಪಟ್ಟಿ ಚಿಕ್ಕದಾಯಿತು ಎಂದೇ ನನ್ನ ತೀರ್ಪು.

ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿರುವವರಲ್ಲಿ ಒಂದು ಕೋರಿಕೆ. ಕಾಪಿ ಮುಗಿಯಿತು ಎಂಬ ಸಂದೇಶಕ್ಕೇ ನಿಲ್ಲಬೇಡಿ. ಈ ವಾರ ಆ ಡಿಸ್ಕನ್ನು ಹೊರತೆಗೆದು ನಾಲ್ಕಾರು ಫೈಲು ತೆರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಯಾರ ದನಿ, ಯಾರ ಮುಖ ಎಂದು ಕೇಳಿ ಫೈಲಿಗೆ ಹೆಸರಿಡಿ.