ಶಕ್ತಿಯರಿತ ತಪಸ್ಸು: ವಿಶೇಷ ಶಿಕ್ಷಕಿಯಾದ ಶ್ರಾವಿಕೆಯ ವ್ರತಾಚರಣೆ



ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ನಮ್ಮ ಹೆಣ್ಣುಮಕ್ಕಳು ವಿದ್ಯಾವಂತರಾಗಿ ಉದ್ಯೋಗಕ್ಕೆ ಹೋಗುವುದು ಈಗ ಹೊಸ ಸಂಗತಿಯಲ್ಲ. ಕಿವಿ ಕೇಳದ, ಕಣ್ಣು ಕಾಣದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಕಲಿಸುವ ವೃತ್ತಿಯೂ ಅವರಿಗೆ ತೆರೆದಿದೆ. 2016ರ ಕಾಯಿದೆಯು ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಶಾಲೆಗೆ ಬರಲಾರದ ಮಗುವಿದ್ದರೆ ಶಿಕ್ಷಕಿಯೇ ಅದರ ಮನೆಗೆ ಹೋಗಿ ಕಲಿಸಬೇಕಾಗುತ್ತದೆ. ಎರೆಭೂಮಿಯ ಹಳ್ಳಿಗಳಲ್ಲಿ ಮಳೆಗಾಲದ ಕೆಸರನ್ನು ತುಳಿದು ನಡೆದವರಿಗೆ ಆ ಶ್ರಮವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ಕೆಲಸದಲ್ಲಿರುವ ತಾಯಂದಿರ ಮನಸ್ಸಿನಲ್ಲಿ ಅಷ್ಟಮಿ, ಚತುರ್ದಶಿ ಬಂದಾಗಲೆಲ್ಲ ಒಂದು ಶಂಕೆ ಏಳುತ್ತದೆ: “ತೊಡೆಯ ಮೇಲೆ ಹಾಲು ಕುಡಿಯುವ ಕೂಸಿದೆ, ಶಾಲೆಯಲ್ಲಿ ಕೈಹಿಡಿದು ಅಕ್ಷರ ತಿದ್ದಿಸಬೇಕಾದ ಮಕ್ಕಳಿದ್ದಾರೆ. ನಿರಾಹಾರ ಉಪವಾಸ ನನ್ನಿಂದಾಗದು. ಹಾಗಾದರೆ ನನ್ನ ಧರ್ಮ ಕೆಟ್ಟಿತೇ?”

ಕೆಡಲಿಲ್ಲ. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶಭಾವನೆಗಳನ್ನು ನಾವು ಪ್ರತಿ ವರ್ಷ ಪೂಜಿಸುತ್ತೇವೆ. ಅವುಗಳಲ್ಲಿ ತಪಸ್ಸೆಂದಷ್ಟೇ ಹೇಳದೆ ಶಕ್ತಿಗನುಸಾರವಾದ ತಪಸ್ಸೆಂದು ಆಚಾರ್ಯರು ಹೇಳಿದ್ದಾರೆ. ತ್ಯಾಗಕ್ಕೂ ಅದೇ ವಿಶೇಷಣ. ಪ್ರೋಷಧೋಪವಾಸದಲ್ಲಿಯೂ ಉತ್ತಮ, ಮಧ್ಯಮ, ಜಘನ್ಯವೆಂಬ ಮೂರು ಬಗೆಯನ್ನು ಶ್ರಾವಕಾಚಾರಗಳು ಮಾಡಿವೆ. ಏಕಭುಕ್ತವೂ ಆ ಮೆಟ್ಟಿಲುಗಳಲ್ಲಿ ಒಂದು. ಕೆಳಗಿನ ಮೆಟ್ಟಿಲಿನ ಮೇಲೆ ಭಕ್ತಿಯಿಂದ ನಿಂತವಳನ್ನು ಮೇಲಿನವರು ಜರಿಯುವುದಕ್ಕೆ ಶಾಸ್ತ್ರದ ಅನುಮತಿಯಿಲ್ಲ.

ಮತ್ತೊಂದು ವಿಷಯವನ್ನು ನಮ್ಮ ಹೆಣ್ಣುಮಕ್ಕಳು ಮರೆಯಬಾರದು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕದಲ್ಲಿ ತ್ಯಾಗವನ್ನು ಯಮ ಮತ್ತು ನಿಯಮವೆಂದು ವಿಂಗಡಿಸಿದ್ದಾರೆ. ಬದುಕಿರುವವರೆಗೆ ಹಿಡಿಯುವುದು ಯಮ. ಕಾಲದ ಮಿತಿಯುಳ್ಳದ್ದು ನಿಯಮ. ಕೂಸು ಚಿಕ್ಕದಾಗಿರುವಾಗ ನೆರೆಮನೆಯವಳನ್ನು ನೋಡಿ ಯಾವಜ್ಜೀವ ವ್ರತ ತೊಟ್ಟು, ಮೂರನೆಯ ತಿಂಗಳಿಗೆ ಮುರಿದು ಕಣ್ಣೀರಿಡುವುದಕ್ಕಿಂತ, ಒಂದು ಮಾಸದ, ಒಂದು ಪಕ್ಷದ ನಿಯಮವನ್ನು ಹಿಡಿದು ಪೂರೈಸುವುದು ಲೇಸು. ಎರಡು ಘಳಿಗೆಯ ಸಾಮಾಯಿಕಕ್ಕೂ ಇದೇ ಮಾತು. ಕೂಸು ಮಲಗಿದ ಹೊತ್ತನ್ನು ಅದಕ್ಕೆ ಮೀಸಲಿಡಲಿ.

“ವಿಶೇಷ ಮಕ್ಕಳಿಗೆ ಕಲಿಸುವುದೇ ವೈಯಾವೃತ್ತ್ಯ, ಬೇರೆ ವ್ರತವೇಕೆ?” ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಂತರಂಗ ತಪಸ್ಸಾದ ವೈಯಾವೃತ್ತ್ಯಕ್ಕೆ ಪಾತ್ರರೆಂದು ಹೇಳಿದ ಹತ್ತು ಬಗೆಯವರು, ಮುಖ್ಯಾರ್ಥದಲ್ಲಿ, ಮುನಿಸಂಘಕ್ಕೆ ಸೇರಿದವರು. ಶಾಲೆಯ ಮಕ್ಕಳನ್ನು ಆ ಪಟ್ಟಿಯೊಳಗೆ ತುರುಕಬೇಕಾದ ಅಗತ್ಯವಿಲ್ಲ. ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದಾದ ಅನುಕಂಪೆಗೆ ಅವರು ನೇರವಾಗಿಯೇ ಪಾತ್ರರು. ಅವರಿಗೆ ಕೊಡುವುದು ಜ್ಞಾನದಾನ. ಸಂಬಳ ಪಡೆದ ಮೇಲೆ ದಾನವೆಲ್ಲಿಯದೆಂದರೆ, ಆದಿನಾಥ ಸ್ವಾಮಿಯು ಪ್ರಜೆಗಳ ಜೀವನಕ್ಕೆ ತೋರಿದ ಷಟ್ಕರ್ಮಗಳಲ್ಲಿ ವಿದ್ಯೆಯೂ ಒಂದು. ಸಂಬಳವು ಗಂಟೆಗಳಿಗೆ ಸಲ್ಲುತ್ತದೆ. ಒಂದೇ ಅಕ್ಷರವನ್ನು ಇನ್ನೂರು ಸಲ ಹೇಳಿಕೊಟ್ಟು, ಇನ್ನೂರೊಂದನೆಯ ಸಲವೂ ಮುಖ ಸಿಂಡರಿಸದಿರುವ ಕ್ಷಮೆಯನ್ನು ಯಾವ ಹಾಜರಿ ಪುಸ್ತಕವೂ ಲೆಕ್ಕವಿಡುವುದಿಲ್ಲ.

ಇನ್ನು ಕಠಿಣವಾದ ಮಾತು. “ಆ ಮಗುವಿನ ಕರ್ಮ, ಆ ತಾಯಿಯ ಕರ್ಮ” ಎಂದು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುವವರು ನಮ್ಮಲ್ಲಿಯೂ ಇದ್ದಾರೆ. ಕರ್ಮಸಿದ್ಧಾಂತವು ಪರರನ್ನು ಅಳೆಯುವ ಮೊಳಕೋಲಲ್ಲ. ಜ್ಞಾನಾವರಣದ ಆಸ್ರವಕ್ಕೆ ಉಮಾಸ್ವಾಮಿಗಳು ಹೇಳಿದ ಕಾರಣಗಳಲ್ಲಿ ಇನ್ನೊಬ್ಬರ ಕಲಿಕೆಗೆ ಅಂತರಾಯ ಒಡ್ಡುವುದೂ ಸೇರಿದೆ. ಅಕ್ಕನ ಮದುವೆ ನಿಂತೀತೆಂದು ತಮ್ಮನನ್ನು ಹಿತ್ತಲ ಕೋಣೆಯಲ್ಲಿ ಬಚ್ಚಿಟ್ಟು, ಮನೆಗೆ ಬಂದ ಶಿಕ್ಷಕಿಗೆ “ಅಂಥ ಮಗು ನಮ್ಮಲ್ಲಿಲ್ಲ” ಎನ್ನುವ ಮನೆಯವರು ಯಾವ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದಾರೆ? ಹಿಂದಿನದರ ಚರ್ಚೆ ಬಿಟ್ಟು ಅದನ್ನು ಯೋಚಿಸಲಿ. ಜೊಲ್ಲು ಸುರಿಸುವ ಮಗುವಿನ ಬಾಯನ್ನು ಒರೆಸುವವಳನ್ನು ಕಂಡು ಮೂಗು ಮುಚ್ಚುವವರು ನಿರ್ವಿಚಿಕಿತ್ಸಾ ಅಂಗದಲ್ಲಿ ಪ್ರಸಿದ್ಧನಾದ ಉದ್ದಾಯನ ರಾಜನ ಕಥೆಯನ್ನು ಮತ್ತೊಮ್ಮೆ ಓದಿಕೊಳ್ಳತಕ್ಕದ್ದು. ವ್ಯಾಧಿಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ಕಾರಿದಾಗ, ಆ ರಾಜನು ತನ್ನ ಕೈಯಿಂದಲೇ ಶುಚಿಗೊಳಿಸಿದನು.

ತಾಯ್ತನ ಮತ್ತು ಲೋಕದ ಕೆಲಸ ಒಟ್ಟಿಗೆ ಸಾಗವೆನ್ನುವವರಿಗೆ ಉತ್ತರ ಲಕ್ಕುಂಡಿಯಲ್ಲಿದೆ. 1997ರವರೆಗೆ ನಮ್ಮ ಧಾರವಾಡ ಜಿಲ್ಲೆಗೇ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಊರು ಅದು. ಅತ್ತಿಮಬ್ಬೆಯ ಪತಿ ನಾಗದೇವ ತೀರಿಕೊಂಡಾಗ, ಆತನ ಇನ್ನೊಬ್ಬ ಪತ್ನಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗ ಅಣ್ಣಿಗದೇವನನ್ನು ಸಾಕಿ ಬೆಳೆಸಿದಳು. ವ್ರತನಿಷ್ಠೆಯಲ್ಲಿ ಬದುಕುತ್ತಲೇ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣವಾಯಿತು. ಆಕೆ ಕಟ್ಟಿಸಿದ ಬಸದಿ ಲಕ್ಕುಂಡಿಯಲ್ಲಿ ಇಂದಿಗೂ ನಿಂತಿದೆ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಅಕ್ಷರವಿಲ್ಲದ ಕಡೆಗೆ ಅಕ್ಷರವನ್ನು ಒಯ್ದು ಮುಟ್ಟಿಸಿದಂತೆಯೇ. ನಮ್ಮ ಕಾಲದಲ್ಲಿ ಮುಂಬಯಿಯ ಮಿಥು ಅಲೂರ್ ಎಂಬ ತಾಯಿ, ಮಿದುಳಿನ ಪಾರ್ಶ್ವವಾಯುವಿದ್ದ ಮಗಳು ಮಾಲಿನಿಗೆ ತಕ್ಕ ಶಾಲೆ ಸಿಗದಿದ್ದಾಗ, ತಾನೇ ಆ ವಿದ್ಯೆಯನ್ನು ಕಲಿತು 1972ರಲ್ಲಿ ಇಂಥ ಮಕ್ಕಳಿಗಾಗಿ ಕೇಂದ್ರವನ್ನು ತೆರೆದರು. ಆ ಮಗಳು ಮುಂದೆ ಸ್ನಾತಕೋತ್ತರ ಪದವಿ ಪಡೆದು ಆತ್ಮಕಥೆಯನ್ನೂ ಬರೆದರು.

ಆದರೆ ಇದೆಲ್ಲವನ್ನೂ ಸೊಸೆಯೊಬ್ಬಳ ತಲೆಯ ಮೇಲೆ ಹೊರಿಸಿ ಮನೆಯವರು ಕೈಕಟ್ಟಿ ಕೂಡ್ರಬಾರದು. ರಾತ್ರಿಭೋಜನ ತ್ಯಾಗವನ್ನೇ ನೋಡಿರಿ. ಮಾರ್ಗಶಿರದಲ್ಲಿ ನಮ್ಮಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತ. ಬಸ್ಸು ತಡವಾಯಿತೆಂದರೆ ಅವಳ ಊಟ ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಕೂಸು, ಮತ್ತೆ ಒಲೆ, ಮತ್ತೆ ಬಸ್ಸು. ಹಸಿವು ಹೊತ್ತಿಗೊದಗಿದ ತಪಸ್ಸಾಯಿತೆಂದು ಹೊಗಳುವ ಮನೆಯಲ್ಲಿ ವ್ರತವಿಲ್ಲ, ಹಿಂಸೆಯಿದೆ. ಬೆಳಿಗ್ಗೆಯೇ ಸಂಜೆಗೂ ಸಾಲುವಷ್ಟು ಬುತ್ತಿ ಕಟ್ಟಿ, ಕುದಿಸಿದ ನೀರನ್ನು ತುಂಬಿಕೊಡುವುದು ಅತ್ತೆಗೆ ಕಷ್ಟವೇ? ಕುದಿಸಿದ ನೀರು 24 ಗಂಟೆ ಪ್ರಾಸುಕವೆಂಬುದು ಎಲ್ಲರಿಗೂ ತಿಳಿದಿದೆ. ಬಸ್ಸು ಬರುವ ಮುನ್ನ, ಹಗಲಿರುವಾಗಲೇ, ಅವಳು ಶಾಲೆಯ ಪಡಸಾಲೆಯಲ್ಲಿ ಕುಳಿತು ಉಣ್ಣಲಿ. ಗಂಡನಾದವನು ನೀರು ಸೋಸಲು ಕಲಿತರೆ ಅವನ ಗಂಡಸುತನಕ್ಕೇನೂ ಕುಂದಿಲ್ಲ.

ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಆರಂಭವಾಗುವಾಗ ಶಾಲೆಗಳಿಗೆ ರಜೆಯಿರದು. ಹತ್ತು ದಿನವೂ ಉಪವಾಸವೆಂದು ಸಂಕಲ್ಪಿಸದೆ, ಶಾಲೆಯಿರುವ ದಿನಗಳಲ್ಲಿ ಏಕಭುಕ್ತ ಅಥವಾ ಒಂದು ರಸದ ತ್ಯಾಗ, ದೇಹಸ್ಥಿತಿ ಒಪ್ಪಿದರೆ ಅನಂತ ಚತುರ್ದಶಿಯಂದು ಉಪವಾಸ, ಹೀಗೆ ಹಂಚಿಕೊಳ್ಳಲಿ. ಹಾಲೂಡಿಸುವ ತಾಯಿ ಅದನ್ನೂ ಮುಂದಿನ ವರ್ಷಕ್ಕೆ ಬಿಡಲಿ. ಪಾರಣೆಯ ದಿನ ಅಡುಗೆಯ ಒಲೆಯನ್ನು ಆಕೆ ಹಚ್ಚಬಾರದು. ಮನೆಯಲ್ಲಿ ಮೊದಲು ಎದ್ದವರು ಹಚ್ಚಲಿ.