ಅವ್ವನಿಗೆ ಹೇಳದ ಹುಳಿ

ಒಂದು 'ಹೂಂ' ಸುಳ್ಳಾಗುತ್ತದೆಯೇ? ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಒಂದು ಎಂಟ್ರಿಯನ್ನೂ ಪಾಸ್ ಮಾಡದ ನನಗೆ ಈ ಪ್ರಶ್ನೆ ಎದುರಾದದ್ದು ಡೊಂಬಿವಿಲಿಯ ನಮ್ಮ ಮನೆಯಲ್ಲಿ.

2011ರಲ್ಲಿ ಅವ್ವ ಕೊಡಗಿನಿಂದ ನಮ್ಮಲ್ಲಿಗೆ ಬಂದಾಗ ಎರಡು ಬಾಟಲಿ ತಂದಿದ್ದಳು. ಒಂದರಲ್ಲಿ ತಾನೇ ಮಾಡಿದ ನೆಲ್ಲಿಕಾಯಿ ವೈನು, ಇನ್ನೊಂದರಲ್ಲಿ ಕಾಚಂಪುಳಿ. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿದರೆ ಕಾಚಂಪುಳಿ. ಅದು ಒಂದು ಚಮಚ ಬೀಳದಿದ್ದರೆ ಪಂದಿಕರಿಗೆ ರುಚಿಯೇ ಇಲ್ಲ. ವೈನು ಬಂದವರಿಗೆ ಸಣ್ಣ ಲೋಟದಲ್ಲಿ ಕೊಟ್ಟು ಮುಗಿಯಿತು. ಕಾಚಂಪುಳಿಯೂ ತಳ ಕಂಡಿತು.

ಮರುವರ್ಷ ಅವ್ವ ಹಾಸಿಗೆ ಹಿಡಿದಳು. ಕೈಲ್‌ಪೊಳ್ದಿನ ದಿನ ಕಡಂಬುಟ್ಟು, ಪಂದಿಕರಿ ಬೇಕೆಂದಳು. "ರೀ, ಆಮಸೂಲ್ ಹಾಕಲಾ?" ಎಂದಳು ಹೆಂಡತಿ. ಆಮಸೂಲ್ ಅಂದರೆ ಕೋಕಂ, ನಮ್ಮ ಕರಾವಳಿಯವರ ಪುನರ್ಪುಳಿ. ಪಕ್ಕದ ಮನೆಯ ರತ್ನಾಗಿರಿ ಕಾಕು ಕೊಟ್ಟದ್ದು. ನೆನೆಸಿ, ಹಿಂಡಿ, ಕುದಿಸಿ ಹಾಕಿದಳು.

ಅವ್ವ ಎರಡು ತುತ್ತು ತಿಂದು, "ನಮ್ಮ ತೋಟದ ಮರದ್ದೇ ಅಲ್ವಾ?" ಎಂದಳು. ನಾನು "ಹೂಂ" ಎಂದೆ. ಆ ಚಳಿಗಾಲದಲ್ಲೇ ಅವ್ವ ಹೋದಳು.

ಆಲ್ಪ್ಸ್ ಬೆಟ್ಟದ ಸೀಮೆಯಲ್ಲಿ ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯವಿದೆ. ಅಲ್ಲಿಯವರು ರಾಕ್ಲೆಟ್ ಚೀಸ್ ಕರಗಿಸಿ, ಬೆಂದ ಆಲೂಗಡ್ಡೆಯ ಮೇಲೆ ಸುರಿದು, ಊರಿನ ಬಿಳಿ ವೈನಿನ ಜೊತೆ ತಿನ್ನುತ್ತಾರೆ. ಬೇರೆ ಕಡೆ ಮಾಡಿದ ಚೀಸಿಗೆ ವಾಲೇ ಹೆಸರಿಡಲು ಅಲ್ಲಿನ ಕಾನೂನು ಬಿಡುವುದಿಲ್ಲ. ಸರಿಯೇ. ಕೊಳ್ಳುವವನಿಗೆ ಮೋಸವಾಗಬಾರದು.

ಅವ್ವ ಕೊಳ್ಳುವವಳಲ್ಲವಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಆದರೆ ಗಿರಾಕಿ ಲೇಬಲ್ ಓದುತ್ತಾನೆ. ಅವ್ವ ನನ್ನ ಮುಖ ನೋಡಿ ನಂಬಿದಳು. ಹೆಚ್ಚು ನಂಬಿದವರಿಗೆ ಹೆಚ್ಚು ಲೆಕ್ಕ ಕೊಡಬೇಕಲ್ಲವೇ?

ಈಗ ಅನಿಸುವುದು ಬೇರೆ. ಪಣಪುಳಿ, ಕೋಕಂ ಎರಡೂ ಒಂದೇ ಕುಲದ ಮರಗಳು, ಎರಡೂ ಸಹ್ಯಾದ್ರಿಯವೇ. "ಅವ್ವಾ, ಇದು ಇಲ್ಲಿಯದು, ನಮ್ಮ ಪಣಪುಳಿಯ ತಂಗಿ" ಅನ್ನಬಹುದಿತ್ತು. ಊರಿನದಲ್ಲದ್ದು ಅವಳಿಗೆ ರುಚಿಸದು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಪಕ್ಕದ ಮನೆಯ ಹುಳಿಯನ್ನು ತನ್ನದು ಅಂದುಕೊಳ್ಳುವ ಅವಕಾಶ ಅವಳಿಗೆ ತಪ್ಪಿಸಿದೆ. ಹೊರನಾಡಿನಲ್ಲಿ ನಾವು ಹಿರಿಯರಿಗೆ ಮಾಡುವ ಅನ್ಯಾಯ ಇದೇ ಇರಬೇಕು.

ಈಗಲೂ ಹಬ್ಬಕ್ಕೆ ಕೋಕಮ್ಮೇ ಹಾಕುತ್ತೇವೆ. ಮೊಮ್ಮಗಳು ಕೇಳಿದರೆ, ಯಾರು ಕೊಟ್ಟದ್ದೆಂದು ಹೆಸರು ಸಹಿತ ಹೇಳುತ್ತೇನೆ.