ಸೋತ ಮತ, ಸೋಲದ ಮನ



ಎಣಿಕೆ ಮುಗಿದರೂ ಕೆಲವು ಮನೆಗಳಲ್ಲಿ ಚುನಾವಣೆ ಮುಗಿಯುವುದಿಲ್ಲ. 2024ರ ಜೂನ್ 4ರ ನಂತರ ರಾಯದುರ್ಗ, ಮಡಕಶಿರಾ ಕಡೆಯ ಅನೇಕ ಭಕ್ತರಲ್ಲಿ ನಾವು ಇದನ್ನು ಕಂಡೆವು. ಲೋಕಸಭೆಯಲ್ಲಿ ಭಾರತೀಯ ಜನತಾ ಪಕ್ಷ 240 ಸ್ಥಾನಗಳಿಗೆ ನಿಂತು ಸ್ವಂತ ಬಹುಮತ ತಪ್ಪಿತೆಂದು ಕೆಲವರಿಗೆ ಬೇಸರ. ಮಿತ್ರಪಕ್ಷಗಳೊಡನೆ ಅದೇ ಸರಕಾರ ಮತ್ತೆ ಬಂದಿತಲ್ಲ ಎಂದು ಇನ್ನು ಕೆಲವರಿಗೆ ಬೇಸರ. ಅದೇ ದಿನ ಎಣಿಕೆಯಾದ ಮಡಕಶಿರಾ ವಿಧಾನಸಭಾ ಕ್ಷೇತ್ರದಲ್ಲಿ ಗೆಲುವಿನ ಅಂತರ ಬರೇ 351 ಮತ. ಇನ್ನೊಂದು ಓಣಿ ಸುತ್ತಿದ್ದರೆ ಆಗುತ್ತಿತ್ತು ಎಂಬ ಕೊರಗು ಅಲ್ಲಿ ಬಹುದಿನ ಉಳಿಯಿತು.

ಕಣೇಕಲ್ಲು ಕಡೆಯ ಒಂದು ಹಳ್ಳಿಯಲ್ಲಿ, ತುಂಗಭದ್ರಾ ಮೇಲ್ದಂಡೆ ಕಾಲುವೆಯ ಒಂದೇ ತೂಬಿನ ನೀರಿನಲ್ಲಿ ಭತ್ತ ಬೆಳೆಯುವ ದಾಯಾದಿಗಳಿಬ್ಬರು ಆ ದಿನದಿಂದ ಮಾತು ಬಿಟ್ಟರು. ಒಬ್ಬರ ಮನೆಯ ಲಗ್ನಪತ್ರಿಕೆ ಇನ್ನೊಬ್ಬರ ಮನೆಗೆ ಹೋಗಲಿಲ್ಲ. ನಾವು ಕೇಳಿದಾಗ ಹಿರಿಯರು, "ಬುದ್ಧೀ, ದೇಶಾನೇ ಹಾಳುಮಾಡೋರ ಕಡೆಗೆ ಓಟು ಹಾಕಿದವನ ಸಂಗಡ ಏನು ಮಾತು?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೋವು ನಿಜವಾದದ್ದು. ಆದರೆ ಅದು ಹಿಡಿದ ದಾರಿ ಸರಿಯೇ?

ದುಃಖಪಡುವುದು ತಪ್ಪಲ್ಲ. ಮಳೆ ಕೈಕೊಟ್ಟಾಗ ಶೇಂಗಾ ಬಿತ್ತಿದವನು ನಿಟ್ಟುಸಿರು ಬಿಡುತ್ತಾನೆ; ಬಿತ್ತದವನಿಗೆ ಆ ನಿಟ್ಟುಸಿರೇ ಇಲ್ಲ. ಯಾರು ಆಳಿದರೂ ರಾಗಿ ಬೀಸುವುದು ತಪ್ಪದು ಎಂಬ ಗಾದೆ ಹೇಳಿ ಸಮಾಧಾನ ಮಾಡುವವರಿದ್ದಾರೆ. ಅದು ಅರ್ಧ ಸತ್ಯ. ರಾಗಿಯ ಬೆಲೆ, ಕಾಲುವೆಯ ಗತಿ, ಅಂಗಡಿಯ ತೆರಿಗೆ, ಇವೆಲ್ಲ ಆಳುವವರ ಮೇಲೆ ನಿಂತಿವೆ. ಆದ್ದರಿಂದ ಮನಸ್ಸನ್ನು ಕಲ್ಲು ಮಾಡಿಕೊಳ್ಳಿರೆಂದು ನಾವು ಹೇಳಲಾರೆವು.

ಒಂದನ್ನು ಮಾತ್ರ ತಿಳಿಯಬೇಕು. ಮತದ ಎಣಿಕೆ ಯಾರು ಆಳಬೇಕೆಂಬುದನ್ನು ತೀರ್ಮಾನಿಸುತ್ತದೆ. ಯಾವುದು ಸತ್ಯವೆಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಹೀಗಾಗಿ ಸೋತವನು ತನ್ನ ನಂಬಿಕೆಯನ್ನು ಬಿಡಬೇಕಾಗಿಲ್ಲ. ಹಾಗೆಯೇ, ಎದುರು ಮತ ಹಾಕಿದವನನ್ನು ಮೂಢನೆಂದೋ ದ್ರೋಹಿಯೆಂದೋ ಕರೆಯುವ ಅಧಿಕಾರವೂ ಅವನಿಗಿಲ್ಲ. ನಾವು ನಮ್ಮ ಮನಸ್ಸಾಕ್ಷಿಯಂತೆ ಒತ್ತಿದೆವು, ಅವನು ತನ್ನ ಮನಸ್ಸಾಕ್ಷಿಯಂತೆ ಒತ್ತಿದನು.

ನಮ್ಮ ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ ಹುಟ್ಟಿದ ನೀಲಂ ಸಂಜೀವರೆಡ್ಡಿಯವರನ್ನು ನೆನೆಯೋಣ. 1969ರಲ್ಲಿ ಲೋಕಸಭೆಯ ಸ್ಪೀಕರ್ ಪದವಿ ಬಿಟ್ಟು, ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿಯಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತರು. ಸ್ವಂತ ಪಕ್ಷದವರೇ ಹಲವರು ಕೈಬಿಟ್ಟರು; ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ವಿ. ವಿ. ಗಿರಿಯವರು ಗೆದ್ದರು. 1971ರ ಲೋಕಸಭಾ ಚುನಾವಣೆಯಲ್ಲಿಯೂ ರೆಡ್ಡಿಯವರಿಗೆ ಸೋಲು. ಅವರು ಊರ ಕಡೆ ಬಂದು ಬೇಸಾಯಕ್ಕೆ ನಿಂತರು. 1977ರಲ್ಲಿ ಆಂಧ್ರದ 42 ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿಗೆ ಹೋದಾಗ ಜನತಾ ಪಕ್ಷದಿಂದ ಗೆದ್ದವರು ನಂದ್ಯಾಲದಲ್ಲಿ ಅವರೊಬ್ಬರೇ. ಅದೇ ವರ್ಷ ಅವಿರೋಧವಾಗಿ ರಾಷ್ಟ್ರಪತಿಯಾದರು.

ಸೋತವರೆಲ್ಲ ಮುಂದೆ ಗೆಲ್ಲುತ್ತಾರೆಂದು ಇದರ ಅರ್ಥವಲ್ಲ. ಎಷ್ಟೋ ಜನ ಸೋತವರು ಮತ್ತೆ ಗೆಲ್ಲಲೇ ಇಲ್ಲ. 1977 ಬಾರದೇ ಹೋಗಿದ್ದರೂ ಆ ಹೊಲದಲ್ಲಿ ಮಾಡಿದ ಬೇಸಾಯ ವ್ಯರ್ಥವಾಗುತ್ತಿರಲಿಲ್ಲ ಎಂಬುದೇ ಇಲ್ಲಿಯ ಪಾಠ. ಕಾಯಕಕ್ಕೆ ಫಲಿತಾಂಶದ ಅಪ್ಪಣೆ ಬೇಕಿಲ್ಲ.

ಗಡಿನಾಡಿನ ನಮಗೆ ಇದು ಹೊಸದೇನೂ ಅಲ್ಲ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ದೂರದ ಊರುಗಳಲ್ಲಿ ಗೆರೆ ಬದಲಾದರೂ ಇಲ್ಲಿ ಬಿತ್ತನೆ ನಿಲ್ಲಲಿಲ್ಲ, ಮನೆಯೊಳಗಿನ ಕನ್ನಡವೂ ನಿಲ್ಲಲಿಲ್ಲ.

ಇನ್ನು ಆ ದಾಯಾದಿಗಳ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರೇ ಖಾಲಿಯಾಗತೊಡಗಿತು. ಬೆಳಗಾಗುವಷ್ಟರಲ್ಲಿ ಇಬ್ಬರೂ ಕಾಲುವೆಯ ದಂಡೆಯ ಮೇಲಿದ್ದರು. "ಏನಾತಂತೆ ಅಣ್ಣಾ?" ಎಂದು ಕಿರಿಯರೇ ಮೊದಲು ಕೇಳಿದರು. ಆಗಸ್ಟ್ 17ರ ವೇಳೆಗೆ ಉಕ್ಕಿನ ತಾತ್ಕಾಲಿಕ ತಡೆಗಳನ್ನಿಳಿಸಿ ಹರಿವು ನಿಲ್ಲಿಸಿದಾಗ ಇಬ್ಬರ ಮನೆಯಲ್ಲೂ ನಿಟ್ಟುಸಿರು ಒಂದೇ. ಆದರೆ ಅಣೆಕಟ್ಟು ಒಡೆಯುವ ತನಕ ನಾವು ಕಾಯಬೇಕೇ?

ಆದ್ದರಿಂದ ನಮ್ಮ ವಿನಂತಿ ಇಷ್ಟು. ನೊಂದ ದಿನಗಳಲ್ಲಿ ಟೀವಿಯ ಜಗಳ ನೋಡುವುದನ್ನು ಕೆಲಕಾಲ ಬಿಡಿರಿ. ಎದುರು ಪಕ್ಷದ ನೆರೆಯವರ ಮನೆಗೆ ನೀವೇ ಮೊದಲು ಹೋಗಿರಿ. ಗೆದ್ದವರು ನಿಮ್ಮ ಪ್ರತಿನಿಧಿಗಳೂ ಹೌದು. ನೀರು, ರಸ್ತೆ, ಬೆಳೆವಿಮೆಗಾಗಿ ಅರ್ಜಿ ಹಿಡಿದು ಅವರ ಬಾಗಿಲಿಗೆ ಹೋಗಲು ಸಂಕೋಚ ಬೇಡ. ಮುಂದಿನ ಸಲ ಮತ ಹಾಕುವುದನ್ನು ಬಿಡಬೇಡಿರಿ. ಈ ಸಲ ಗೆದ್ದವರಿಗೂ ಒಂದು ಮಾತು: ಸೋತವರ ಓಣಿಯಲ್ಲಿ ಪಟಾಕಿ ಹಚ್ಚುವುದು ಶರಣಧರ್ಮವಲ್ಲ.

ಸರಕಾರ ಐದು ವರ್ಷದ್ದು, ತೂಬು ತಲೆಮಾರಿನದು.